ಮಾತ್ರೆ ನೆನಪಿಸುವ ಆ್ಯಪ್: ನೋಟಿಫಿಕೇಶನ್ ಒತ್ತಿದರೆ ಸರಿಯಾದ ಪುಟ

ಅತ್ತೆಯವರಿಗಾಗಿ ಫ್ಲಟರ್‌ನಲ್ಲಿ (ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಕಟ್ಟುವ ಸಾಧನ) ಮಾಡುತ್ತಿರುವ ಆ್ಯಪ್‌ಗೆ ಈ ವಾರ ಒಂದೇ ಕೆಲಸ. ನೋಟಿಫಿಕೇಶನ್ ಒತ್ತಿದ ಕೂಡಲೇ ಆ ಹೊತ್ತಿನ ಮಾತ್ರೆಯ ಪುಟವೇ ತೆರೆಯಬೇಕು. ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ತಿಂಡಿ ಆದಮೇಲೆ ಬಿಪಿ ಮಾತ್ರೆ. ಎರಡೂ ಸಣ್ಣ, ಬಿಳಿ. ಹಾಗಾಗಿ ಪುಟದಲ್ಲಿ ಸ್ಟ್ರಿಪ್‌ನ ಫೋಟೋ ದೊಡ್ಡದಾಗಿ ಕಾಣಬೇಕು. ಸುಮ್ನೆ ಆ್ಯಪ್ ತೆರೆದು, ಇನ್ನು ನೀವೇ ಹುಡುಕಿಕೊಳ್ಳಿ ಅನ್ನುವ ಹಾಗಿರಬಾರದು.

ಆ್ಯಪ್ ಮೆಮೊರಿಯಲ್ಲಿ ಇದ್ದಾಗ ಕಷ್ಟವೇನಿಲ್ಲ. ಫ್ಲಟರ್ ಲೋಕಲ್ ನೋಟಿಫಿಕೇಶನ್ಸ್ ಪ್ಲಗಿನ್ ಶುರು ಮಾಡುವಾಗ ಕೊಟ್ಟ ಕಾಲ್‌ಬ್ಯಾಕ್ (ಒತ್ತಿದಾಗ ಓಡಲಿ ಅಂತ ಕೊಟ್ಟಿಟ್ಟ ಫಂಕ್ಷನ್) ಓಡುತ್ತದೆ, ಪೇಲೋಡ್ (ನೋಟಿಫಿಕೇಶನ್ ಜೊತೆ ಕಟ್ಟಿಟ್ಟ ಮಾಹಿತಿ) ಕೈಗೆ ಸಿಗುತ್ತದೆ. ಆ್ಯಪ್ ಪೂರ್ತಿ ಮುಚ್ಚಿದ್ದಾಗ ದಾರಿಯೇ ಬೇರೆ. ಆಗ ಆ ಒತ್ತಿನಿಂದಲೇ ಆ್ಯಪ್ ಹುಟ್ಟುತ್ತದೆ. ಈ ಆ್ಯಪ್ ಶುರುವಾಗಿದ್ದು ನೋಟಿಫಿಕೇಶನ್‌ನಿಂದಲೇನಾ ಅಂತ ನಾವೇ ಪ್ಲಗಿನ್ ಅನ್ನು ಕೇಳಬೇಕು. ಆ ಹೊತ್ತಿಗೆ ಡೇಟಾಬೇಸ್ ತೆರೆದಿರುವುದಿಲ್ಲ, ಪುಟದಿಂದ ಪುಟಕ್ಕೆ ಕರೆದೊಯ್ಯುವ ನ್ಯಾವಿಗೇಟರ್ ಕೂಡ ಸಿದ್ಧ ಇರುವುದಿಲ್ಲ. ವಯಸ್ಸಾದವರ ಫೋನ್‌ನಲ್ಲಿ ಜಾಸ್ತಿ ಆಗುವುದು ಇದೇ, ಅಲ್ವಾ? ದಿನಕ್ಕೆ ಎರಡೋ ಮೂರೋ ಸಲ ತೆರೆಯುವ ಆ್ಯಪ್ ಮೆಮೊರಿಯಲ್ಲಿ ಎಷ್ಟು ಹೊತ್ತು ಉಳಿದೀತು!

ಅದಕ್ಕೇ ಎರಡೂ ದಾರಿಗಳನ್ನು ಒಂದೇ ಫಂಕ್ಷನ್‌ಗೆ ತಂದು ಸೇರಿಸಿದ್ದೇನೆ. ಒತ್ತು ಎಲ್ಲಿಂದ ಬಂದರೂ ಆ ಫಂಕ್ಷನ್ ಮಾತ್ರೆಯ ಐಡಿಯನ್ನು ಇಟ್ಟುಕೊಂಡು ಕಾಯುತ್ತದೆ. ಡೇಟಾಬೇಸ್ ತೆರೆದು ಪರದೆಯ ಮೊದಲ ಫ್ರೇಮ್ ಬಂದಮೇಲೆ ಪುಟಕ್ಕೆ ಕಳಿಸುತ್ತದೆ. ಲಾಂಚ್ ವಿವರವನ್ನು (ಆ್ಯಪ್ ನೋಟಿಫಿಕೇಶನ್‌ನಿಂದ ಶುರುವಾಯಿತಾ ಅನ್ನುವುದನ್ನು) ಆ್ಯಪ್ ಶುರುವಾದಾಗ ಒಮ್ಮೆ ಮಾತ್ರ ಕೇಳುತ್ತೇನೆ. ಮತ್ತೆ ಕೇಳಿದರೆ ಅದೇ ಹಳೆಯ ಉತ್ತರ ಬಂದು ಮುಗಿದ ಮಾತ್ರೆಯ ಪುಟ ಪುನಃ ತೆರೆದುಕೊಳ್ಳುತ್ತದೆ.

ಪೇಲೋಡ್‌ನಲ್ಲಿ ಮಾತ್ರೆಯ ಹೆಸರು, ಡೋಸ್ ಏನೂ ಹಾಕಿಲ್ಲ. ಬರೀ ಐಡಿ. ಡಾಕ್ಟರ್ ನಿನ್ನೆ ಡೋಸ್ ಬದಲಿಸಿದ್ದರೆ, ಹಿಂದೆಯೇ ಶೆಡ್ಯೂಲ್ ಆದ ನೋಟಿಫಿಕೇಶನ್ ಹಳೆಯ ಡೋಸ್ ತೋರಿಸಬಾರದು. ಒತ್ತಿದ ಕ್ಷಣದಲ್ಲಿ ಡೇಟಾಬೇಸ್ ಏನು ಹೇಳುತ್ತದೋ ಅದೇ ಸರಿ. ಆ ಮಾತ್ರೆಯನ್ನೇ ತೆಗೆದುಹಾಕಿದ್ದರೆ ಇವತ್ತಿನ ಪಟ್ಟಿ ತೆರೆಯುತ್ತದೆ.

ನೋಟಿಫಿಕೇಶನ್ ಮೇಲೆಯೇ ‘ತಗೊಂಡೆ’ ಅನ್ನುವ ಬಟನ್ ಕೂಡ ಇದೆ. ಅದನ್ನು ಒತ್ತಿದಾಗ ಆ್ಯಪ್ ತೆರೆಯದೆ ಬೇರೊಂದು ಐಸೊಲೇಟ್‌ನಲ್ಲಿ (ತನ್ನದೇ ಮೆಮೊರಿ ಇಟ್ಟುಕೊಂಡು ಪ್ರತ್ಯೇಕವಾಗಿ ಓಡುವ ಭಾಗ) ಕೋಡ್ ಓಡುತ್ತದೆ. ಅಲ್ಲಿಗೆ ಆ್ಯಪ್‌ನ ವೇರಿಯಬಲ್‌ಗಳು ಯಾವುವೂ ಕಾಣುವುದಿಲ್ಲ. ಹೀಗಾಗಿ ಅದು ನೇರ ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಬರೆದು ಮುಗಿಸುತ್ತದೆ. ಆ ಫಂಕ್ಷನ್ ಟಾಪ್‌ ಲೆವೆಲ್‌ನಲ್ಲೋ ಸ್ಟ್ಯಾಟಿಕ್ ಆಗಿಯೋ ಇರಬೇಕು, ಎಂಟ್ರಿ ಪಾಯಿಂಟ್ ಪ್ರಾಗ್ಮಾ (ಇದನ್ನು ಹೊರಗಿನಿಂದ ಕರೆಯುತ್ತಾರೆ ಅಂತ ಕಂಪೈಲರ್‌ಗೆ ಹೇಳುವ ಗುರುತು) ಬೇಕೇ ಬೇಕು. ಇಲ್ಲದಿದ್ದರೆ ಇದನ್ನು ಯಾರೂ ಬಳಸುತ್ತಿಲ್ಲ ಅಂದುಕೊಂಡು ರಿಲೀಸ್ ಬಿಲ್ಡ್ ಅದನ್ನು ಕಿತ್ತುಹಾಕಬಹುದು. ಬರೆದಾದಮೇಲೆ ಅಲ್ಲಿಂದಲೇ ಪುಟ ತೆರೆಯುವ ಯೋಚನೆಯನ್ನು ಕೈಬಿಟ್ಟೆ. ಆಂಡ್ರಾಯ್ಡ್ 12ರಿಂದ ನೋಟಿಫಿಕೇಶನ್ ಒತ್ತನ್ನು ರಿಸೀವರ್‌ನಲ್ಲಿ (ಹಿನ್ನೆಲೆಯಲ್ಲಿ ಓಡುವ ಕೋಡ್) ಹಿಡಿದು ಅಲ್ಲಿಂದ ಆ್ಯಕ್ಟಿವಿಟಿ (ಆ್ಯಪ್‌ನ ಪರದೆ) ತೆರೆಯುವುದಕ್ಕೆ ತಡೆ ಇದೆ. ಆ ನಿಯಮ ನನಗೆ ಸರಿಯಾಗಿಯೇ ಕಾಣುತ್ತದೆ.

ಮುಂದಿನದು ಐಫೋನ್. ಅಲ್ಲಿ ಒಂದು ಆ್ಯಪ್‌ಗೆ ಬಾಕಿ ನಿಲ್ಲುವ ಲೋಕಲ್ ನೋಟಿಫಿಕೇಶನ್ 64 ಮಾತ್ರ. ಒಂದೊಂದನ್ನೂ ಬೇರೆಯಾಗಿ ಶೆಡ್ಯೂಲ್ ಮಾಡಿದರೆ, ದಿನಕ್ಕೆ 3 ಹೊತ್ತಿನಂತೆ 21 ದಿನಕ್ಕೆ ಮುಗಿಯಿತು. ಒತ್ತಿ ಆ್ಯಪ್ ತೆರೆದಾಗಲೆಲ್ಲ ಮುಂದಿನ ದಿನಗಳದ್ದನ್ನು ತುಂಬುವ ಕೆಲಸವನ್ನೂ ಅದೇ ಫಂಕ್ಷನ್‌ಗೆ ಹಚ್ಚುತ್ತಿದ್ದೇನೆ.