ಆರ್ಮಿನೇ ಬೇಡ ಅಂದ್ರೂ ಬಂದ ಟ್ಯಾಂಕು

ಅಮೆರಿಕದಲ್ಲಿ ಮಿಲಿಟರಿ ಖರ್ಚು ಕಮ್ಮಿ ಮಾಡ್ಬೇಕಾ ಬೇಡ್ವಾ ಅನ್ನೋ ಜಗಳ ಎದ್ದಾಗೆಲ್ಲ ಒಬ್ರು ಶಾಂತಿ ಅಂತಾರೆ, ಇನ್ನೊಬ್ರು ಚೀನಾ ರಷ್ಯಾ ಅಂತ ಹೆದರಿಸ್ತಾರೆ. ನಂಗಂತೂ ಈ ಎರಡಕ್ಕಿಂತ ಜಾಸ್ತಿ ಕೆಲ್ಸ ಮಾಡೋದು ಆಯುಧದ ಫ್ಯಾಕ್ಟರಿ ಯಾವ ಸಂಸದರ ಕ್ಷೇತ್ರದಲ್ಲಿದೆ ಅನ್ನೋದು ಅನ್ಸುತ್ತೆ.

2012ರಲ್ಲಿ ಏನಾಯ್ತು ನೋಡಿ. ಆಗಿನ ಆರ್ಮಿ ಚೀಫ್ ಓಡಿಯೆರ್ನೊ ಸಂಸತ್ತಿನ ಮುಂದೆ ಕೂತು ಏಬ್ರಾಮ್ಸ್ ಟ್ಯಾಂಕು ನಮ್ಗೆ ಸಾಕಷ್ಟಿದೆ, ಕೆಲವು ವರ್ಷ ಅದರ ಫ್ಯಾಕ್ಟರಿ ಕೆಲ್ಸ ನಿಲ್ಸಿ, ದುಡ್ಡು ಉಳಿಯುತ್ತೆ ಅಂದ್ರು, ಆ ಹೊತ್ತಿಗೆ ಕ್ಯಾಲಿಫೋರ್ನಿಯಾದ ಒಂದು ಡಿಪೋದಲ್ಲಿ ಬಳಸದೇ ಇರೋ ಟ್ಯಾಂಕುಗಳು ಸಾಲಾಗಿ ಬಿಸಿಲು ಕಾಯ್ತಾ ನಿಂತಿದ್ವು, ಆದ್ರೂ ಸಂಸತ್ತು ಕೇಳ್ಲಿಲ್ಲ, ಆರ್ಮಿ ಕೇಳದೇ ಇರೋ ದುಡ್ಡನ್ನ ಬಜೆಟ್‌ಗೆ ತುರುಕಿದ್ರು. ಯಾಕಂದ್ರೆ ಏಬ್ರಾಮ್ಸ್ ತಯಾರಾಗೋದು ಒಹಾಯೊ ರಾಜ್ಯದ ಲೈಮಾದಲ್ಲಿ, ಬಿಡಿಭಾಗ ಮಾಡೋರು ಎಷ್ಟೋ ರಾಜ್ಯಗಳಲ್ಲಿ. ಬೇರೆ ಎಲ್ಲದಕ್ಕೂ ಕಚ್ಚಾಡೋ ಎರಡೂ ಪಾರ್ಟಿಯವ್ರು ಇಲ್ಲಿ ಮಾತ್ರ ಅಣ್ಣ ತಮ್ಮ!

ಹಾಗಂತ ಒಮ್ಮೆ ನಿಲ್ಸಿದ್ರೆ ಪಳಗಿದ ಕೈಗಳು ಮತ್ತೆ ಸಿಗಲ್ಲ ಅನ್ನೋ ಫ್ಯಾಕ್ಟರಿ ಪರ ಇರೋರ ವಾದ ಪೂರ್ತಿ ಬೊಗಳೆ ಅಲ್ಲ. ಬ್ರಿಟನ್ನಿನವ್ರು ವ್ಯಾನ್‌ಗಾರ್ಡ್ ಸಬ್‌ಮರೀನ್ ಆದ್ಮೇಲೆ ಗ್ಯಾಪ್ ಬಿಟ್ರು, ಅಷ್ಟರಲ್ಲಿ ಪಳಗಿದ ಕೆಲಸಗಾರರು ಚದುರಿಹೋದ್ರು, ಆಮೇಲೆ ಆಸ್ಟ್ಯೂಟ್ ಅನ್ನೋ ಹೊಸ ಸಬ್‌ಮರೀನ್ ಕಟ್ಟೋಕೆ ಹೋಗಿ ವರ್ಷಗಟ್ಟಲೆ ತಡ, ಕೊನೆಗೆ ಅಮೆರಿಕದ ಎಲೆಕ್ಟ್ರಿಕ್ ಬೋಟ್ ಕಂಪನಿ ಹತ್ರ ಸಹಾಯ ಕೇಳ್ಬೇಕಾಯ್ತು. ವೆಲ್ಡಿಂಗ್ ಕೈಚಳಕ ಬೇಕಂದಾಗ ಅಂಗಡೀಲಿ ಸಿಗಲ್ಲ. ಆದ್ರೆ ಈ ವಾದ ಎಲ್ಲಾ ಫ್ಯಾಕ್ಟರಿಗೂ ಹಾಕಿದ್ರೆ ಯಾವ್ದನ್ನೂ ಮುಚ್ಚೋಕಾಗಲ್ಲ ಅಲ್ವಾ.

ಎಲ್ಲಾ ಕಡೆ ಒಂದೇ ಅಳತೇಲಿ ಕಟ್ ಮಾಡೋದೂ ದಡ್ಡತನ. 2013ರ ಸೀಕ್ವೆಸ್ಟ್ರೇಶನ್‌ನಲ್ಲಿ, ಅಂದ್ರೆ ಬಜೆಟ್‌ಗೆ ತಾನಾಗೇ ಬೀಳೋ ಕಡಿತದಲ್ಲಿ, ಅದನ್ನೂ ನೋಡಿದ್ದಾಯ್ತು, ಬೇಕಾದ್ದು ಬೇಡದ್ದು ಅಂತ ನೋಡ್ದೆ ಕತ್ತರಿ ಹಾಕಿ ಎಷ್ಟೋ ಟ್ರೇನಿಂಗ್ ನಿಂತ್ಹೋಯ್ತು, ಸಿವಿಲಿಯನ್ ನೌಕರರನ್ನ ಸಂಬಳ ಇಲ್ದೆ ಮನೆಗೆ ಕಳ್ಸಿದ್ರು.

ಕೆಲ್ಸ ಮಾಡಿದ್ದು ಅಂದ್ರೆ ಬ್ರ್ಯಾಕ್ (BRAC) ಅನ್ನೋ ನೆಲೆ ಮುಚ್ಚೋ ಪದ್ಧತಿ ಒಂದೇ. ಮಿಲಿಟರಿ ನೆಲೆ ಯಾವ್ದು ಮುಚ್ಬೇಕು ಅಂತ ಸ್ವತಂತ್ರ ಕಮಿಷನ್ ಪಟ್ಟಿ ಅಂತಿಮ ಮಾಡ್ತಿತ್ತು, ಸಂಸತ್ತು ಪೂರ್ತಿ ಒಪ್ಬೇಕಿತ್ತು ಇಲ್ಲಾ ಪೂರ್ತಿ ಬಿಡ್ಬೇಕಿತ್ತು, ನನ್ನೂರಿಂದು ಮಾತ್ರ ತೆಗೀರಿ ಅನ್ನೋ ಹಾಗಿರ್ಲಿಲ್ಲ. 1988ರಿಂದ 2005ರವರೆಗೆ ಐದು ಸಲ ನಡೀತು. ಆಮೇಲೆ ರಕ್ಷಣಾ ಇಲಾಖೆ ಪೆಂಟಗನ್ನೇ ಇನ್ನೊಂದು ರೌಂಡ್ ಮಾಡಿ ಅಂತ ಎಷ್ಟು ಸಲ ಕೇಳಿದ್ರೂ ಸಂಸತ್ತು ಒಪ್ಲಿಲ್ಲ. ಖರ್ಚು ಕಮ್ಮಿ ಮಾಡ್ತೀವಿ ಅಂತ ಭಾಷಣ ಬಿಗಿಯೋರು ಮೊದ್ಲು ಇದಕ್ಕೆ ಕೈ ಎತ್ತಲಿ, ಆಮೇಲೆ ಉಳಿದಿದ್ದು ಮಾತಾಡೋಣ.