ಮೇಷ್ಟ್ರ ಚಿತ್ರ ಹರಾಜಿಗೆ ಬಂದಾಗ

ಹರಾಜಿಗೆ ಮುಂಚೆ ಚಿತ್ರಗಳನ್ನು ಪ್ರದರ್ಶನಕ್ಕಿಡುತ್ತಾರೆ, ಯಾರು ಬೇಕಾದರೂ ಹೋಗಿ ನೋಡಬಹುದು ಎಂದು ಮೇಷ್ಟ್ರನ್ನು ಒಪ್ಪಿಸುವಷ್ಟರಲ್ಲಿ ಸಾಕಾಯಿತು. "ಕೊಳ್ಳುವವರ ಜಾಗಕ್ಕೆ ನಾನೇಕಯ್ಯಾ?" ಎನ್ನುತ್ತಿದ್ದರು. ಕ್ಯಾಟಲಾಗಿನಲ್ಲಿ ಅವರ ತೈಲವರ್ಣವೊಂದು ಇತ್ತು. ಎಪ್ಪತ್ತರ ದಶಕದ್ದು, ಕೆರೆ ಏರಿಯ ಮೇಲೆ ಇಟ್ಟಿಗೆ ಹೊತ್ತ ಹೆಂಗಸರು. ಅಂದಾಜು ಬೆಲೆ ಎರಡರಿಂದ ಮೂರು ಲಕ್ಷ.

ಹೋಟೆಲಿನ ಸಭಾಂಗಣದಲ್ಲಿ ಮೇಷ್ಟ್ರು ಚಿತ್ರದ ಎಡ ಮೂಲೆಗೆ ಮುಖ ತಂದು ನಿಂತರು. ಅಲ್ಲಿ ಬಣ್ಣ ಸಣ್ಣಗೆ ಬಿರುಕು ಬಿಟ್ಟಿತ್ತು. "ಬಣ್ಣಕ್ಕೆ ಮುಂಚೆ ಕ್ಯಾನ್ವಾಸಿಗೆ ಬಳಿಯುವ ಪ್ರೈಮರ್ ಕೊಳ್ಳಲು ದುಡ್ಡಿರಲಿಲ್ಲ. ಸೀಮೆಸುಣ್ಣದ ಪುಡಿಗೆ ಅಂಟು ಬೆರೆಸಿ ಬಳಿದೆ, ದಪ್ಪವಾಯಿತು. ಬಿಡದೆ ಇರುತ್ತದೆಯೇ!" ಸಿಬ್ಬಂದಿಯ ಹುಡುಗಿ ಕೈಗವಸು ತೊಟ್ಟು ಚಿತ್ರವನ್ನು ತಿರುಗಿಸಿ ತೋರಿಸಿದಳು. ಚೌಕಟ್ಟಿನ ಮರದ ಮೇಲೆ ಪೆನ್ಸಿಲಿನಲ್ಲಿ ಅವರದೇ ಅಕ್ಷರ: ರೂ. 800. ಅದಕ್ಕೂ ಚೌಕಾಸಿ ನಡೆದು ಕೊನೆಗೆ 600ಕ್ಕೆ ಕೊಟ್ಟಿದ್ದರಂತೆ.

ಬಿಡ್ಡಿಂಗ್ ಆನ್‌ಲೈನಿನಲ್ಲಿತ್ತು. ಜಯನಗರದ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತೆವು. ಕೊನೆಯ ನಿಮಿಷಗಳಲ್ಲಿ ಯಾರಾದರೂ ಬೆಲೆ ಏರಿಸಿದರೆ ಗಡುವು ಮತ್ತೆ ಮುಂದಕ್ಕೆ ಹೋಗುತ್ತದೆ. ಇಬ್ಬರು ಹಟಕ್ಕೆ ಬಿದ್ದು ಅದನ್ನು ನಾಲ್ಕೂವರೆ ಲಕ್ಷಕ್ಕೆ ಒಯ್ದರು. ಅದರ ಮೇಲೆ ಕೊಂಡವರು ಹರಾಜು ಸಂಸ್ಥೆಗೆ ಕಮಿಷನ್ ಕಟ್ಟಬೇಕು, ತೆರಿಗೆ ಬೇರೆ.

"ಬರೆದವನಿಗೆ?" ಎಂದರು ಮೇಷ್ಟ್ರು. ಕೇಳಿದ್ದು ಕುತೂಹಲಕ್ಕೆ, ದುರಾಸೆಗಲ್ಲ.

ಬರಬೇಕು. ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಂ ಅದನ್ನೇ ಹೇಳುತ್ತದೆ: ಮೂಲ ಚಿತ್ರ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಕಲಾವಿದನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ, ಆ ಬೆಲೆಯಲ್ಲಿ ಪಾಲಿದೆ, ಹೆಚ್ಚೆಂದರೆ ಶೇಕಡ 10. 1994ರ ತಿದ್ದುಪಡಿಯಲ್ಲೇ ಬಂದ ಹಕ್ಕು ಇದು. ಕಲಾಶಾಲೆಯಲ್ಲಿ ಓದಿದ ನಮಗೆ ಯಾರೂ ಇದನ್ನು ಹೇಳಿಕೊಡಲಿಲ್ಲ. ನಾನು ಬಲ್ಲ ಹಿರಿಯ ಕಲಾವಿದರಲ್ಲಿ ಇದರಿಂದ ಒಂದು ರೂಪಾಯಿ ಪಡೆದವರೂ ಇಲ್ಲ.

ಮರುದಿನ ಹರಾಜು ಸಂಸ್ಥೆಗೆ ಫೋನ್ ಮಾಡಿ ಮಾರಿದವರು ಯಾರೆಂದು ಕೇಳಿದೆ. ಗೌಪ್ಯ ಎಂದರು, ಮರ್ಯಾದೆಯಿಂದಲೇ. ಪಾಲು ಕೊಡಬೇಕಾದವರ ಹೆಸರೇ ಗೊತ್ತಿಲ್ಲದಿದ್ದರೆ ಹಕ್ಕು ಕೇಳುವುದು ಯಾರನ್ನು? 2025ರ ಮಾರ್ಚ್‌ನಲ್ಲಿ ಚಿತ್ರಕಾರ ಎಂ.ಎಫ್. ಹುಸೇನರ 'ಗ್ರಾಮ ಯಾತ್ರಾ' ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋದಾಗ, ಅದು ಓಸ್ಲೋದ ಆಸ್ಪತ್ರೆಯೊಂದರ ಸ್ವತ್ತು, ಹಣ ವೈದ್ಯರ ತರಬೇತಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹೆಸರು ಹೇಳಿದ್ದರಿಂದ ಆ ಹರಾಜಿಗೆ ಕುಂದೇನೂ ಬರಲಿಲ್ಲ.

ಮೇಷ್ಟ್ರ ಸಹಿ ಹಾಕಿಸಿ ಸಂಸ್ಥೆಗೆ ಪತ್ರ ಕಳಿಸಿದ್ದೇನೆ: ನಮಗೆ ಹೆಸರು ಕೊಡಲಾಗದಿದ್ದರೆ ಬೇಡ, ಈ ಕಲಮಿನ ಪ್ರತಿಯನ್ನು ಮಾರಿದವರಿಗೆ ನೀವೇ ತಲುಪಿಸಿ. ಉತ್ತರ ಬರದಿದ್ದರೆ ವಕೀಲರ ಮೂಲಕ ನೋಟಿಸ್ ಕೊಡುವುದೆಂದು ಮೇಷ್ಟ್ರೂ ಒಪ್ಪಿದ್ದಾರೆ.