ಅಮ್ಮನ ಮಂಡಿಗೆ ಶಾಕ್ ವೇವ್ ಕೊಡಿಸಿದ್ದು

ಶಾಕ್ ಅಂದ ಕೂಡಲೇ ಅಮ್ಮ ಕರೆಂಟು ಅಂದುಕೊಂಡಳು. "ಈ ವಯಸ್ಸಲ್ಲಿ ಕರೆಂಟು ಹೊಡೆಸ್ಕೊಳ್ಳೋಕೆ ಶಿವಮೊಗ್ಗದವರೆಗೆ ಬರಬೇಕಾ ಮಾರಾಯ್ತಿ?" ಅಂತ ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತಿದವಳು ಮಂಡಗದ್ದೆ ದಾಟಿದರೂ ಅದನ್ನೇ ಕೇಳುತ್ತಿದ್ದಳು.

ಇದರಲ್ಲಿ ಮೈಗೆ ಕರೆಂಟು ಕೊಡುವುದಿಲ್ಲ. ಕೊಡುವುದು ಬಡಿತದ ಅಲೆ. ಕಿಡ್ನಿ ಕಲ್ಲನ್ನು ಹೊರಗಿನಿಂದಲೇ ಪುಡಿ ಮಾಡುತ್ತಾರಲ್ಲ, ಅದೇ ಜಾತಿಯದು. ಮನುಷ್ಯರ ಮೇಲೆ ಅದನ್ನು ಮೊದಲು ಮಾಡಿದ್ದು 1980ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಮಂಡಿಗೆ ಕೊಡುವಾಗ ಜೋರು ತುಂಬಾ ಕಡಿಮೆ. ಕಿಡ್ನಿ ಕಲ್ಲಿನ ನಂತರ ಈ ಅಲೆ ಹಿಮ್ಮಡಿ ನೋವಿಗೆ, ಭುಜಕ್ಕೆ, ಮೊಣಕೈಗೆ ಬಂತು. ಮಂಡಿ ಸವೆತಕ್ಕೆ ಬಳಸುವುದು ಇತ್ತೀಚಿನದು.

ಅಮ್ಮನದು 40 ವರ್ಷ ಅಡಿಕೆ ಸುಲಿದ ಮಂಡಿ. ಕೊಯ್ಲು ಬಂತೆಂದರೆ ಮೆಟ್ಟುಗತ್ತಿ ಮುಂದೆ ಕಾಲು ಮಡಚಿ ಕೂತವಳು ರಾತ್ರಿ ಊಟಕ್ಕೇ ಏಳುವುದು. ಎಕ್ಸ್‌ರೇ ನೋಡಿ ಎರಡನೇ ಹಂತದ ಸವೆತ ಅಂದರು.

ಮೊದಲು ಹೋದ ಕಡೆ 10 ಸಿಟ್ಟಿಂಗ್ ಪ್ಯಾಕೇಜು, ಹಣ ಮೊದಲೇ ಕಟ್ಟಬೇಕು, ಸವೆದ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಯ ತುದಿಗಿರುವ ನುಣುಪು ಪದರ) ಪೂರ್ತಿ ಬೆಳೆಯುತ್ತದೆ ಅಂದರು. ನನಗೆ ಸಿಟ್ಟು ಬಂತು. ಇಲಿಗಳ ಮಂಡಿಯಲ್ಲಿ ಒಳ್ಳೆ ಫಲಿತಾಂಶ ಬಂದಿರುವುದು ನಿಜ, ಆದರೆ ಮನುಷ್ಯರಲ್ಲಿ ಹಾಗೆ ಮತ್ತೆ ಬೆಳೆಯುತ್ತದೆ ಅಂತ ಸಾಬೀತಾಗಿಲ್ಲ. ನೋವಲ್ಲಿರುವವರಿಗೆ ಇಲ್ಲದ ಆಸೆ ಹುಟ್ಟಿಸಿ ದುಡ್ಡು ಕಟ್ಟಿಸಿಕೊಳ್ಳುವುದು ಸರಿಯಲ್ಲ. ಎದ್ದು ಬಂದೆವು.

ಎರಡನೇ ಡಾಕ್ಟ್ರು ಮೊದಲು ಪ್ರಶ್ನೆ ಕೇಳಿದರು. ರಕ್ತ ತೆಳು ಮಾಡುವ ಮಾತ್ರೆ ಇದೆಯಾ, ಪೇಸ್‌ಮೇಕರ್ ಇದೆಯಾ, ಈಚೆಗೆ ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ತಗೊಂಡಿದ್ದೀರಾ, ಗಡ್ಡೆ ಏನಾದರೂ ಇದೆಯಾ. ನೀವೂ ಹೋದರೆ ಇವನ್ನು ಅವರು ಕೇಳದಿದ್ದರೂ ನೀವೇ ಹೇಳಿ. ಆಮೇಲೆ ನೇರವಾಗಿ ಅಂದರು: "ನೋವು ಕಡಿಮೆ ಆಗಬಹುದು ಅಮ್ಮ, ಸವೆದು ಹೋದದ್ದು ವಾಪಸ್ ಬರಲ್ಲ. ನೋವು ಇಳಿದ ಹೊತ್ತಲ್ಲಿ ತೊಡೆಗೆ ಶಕ್ತಿ ತುಂಬಿಕೊಳ್ಳಬೇಕು." ಇದುವರೆಗಿನ ಅಧ್ಯಯನಗಳು ಹೇಳುವುದೂ ಹೆಚ್ಚು ಕಡಿಮೆ ಇಷ್ಟೇ. ಹಲವರಿಗೆ ಕೆಲವು ತಿಂಗಳು ನೋವು ಇಳಿದಿದೆ, ಓಡಾಟ ಸಲೀಸಾಗಿದೆ. ಆದರೆ ಅಧ್ಯಯನಗಳು ಸಣ್ಣವು, ಒಂದೊಂದರಲ್ಲಿ ಒಂದೊಂದು ಜೋರು, ಒಂದೊಂದು ಲೆಕ್ಕ.

ವಾರಕ್ಕೊಂದರಂತೆ ನಾಲ್ಕು ವಾರ. ಫಿಸಿಯೋ ಹುಡುಗಿ ಮಂಡಿಯ ಒಳಬದಿಯನ್ನು ಹೆಬ್ಬೆರಳಲ್ಲಿ ಒತ್ತುತ್ತಾ ಹೋದಳು, ಅಮ್ಮ "ಹಾಂ, ಅಲ್ಲೇ" ಅಂದಲ್ಲೆಲ್ಲ ಪೆನ್ನಿನಲ್ಲಿ ಸುತ್ತು ಹಾಕಿದಳು. ತಣ್ಣನೆ ಜೆಲ್ ಬಳಿದು ಮೆಷಿನ್ನಿನ ಹಿಡಿಕೆ ಇಟ್ಟಳು. ಅದರೊಳಗೆ ಗಾಳಿಯ ಒತ್ತಡಕ್ಕೆ ಒಂದು ಸಣ್ಣ ಲೋಹದ ತುಂಡು ಚಿಮ್ಮಿ ತುದಿಗೆ ಬಡಿಯುತ್ತದೆ. ಟಕಟಕಟಕ ಅಂತ 2000 ಸಲ, ಐದು ನಿಮಿಷದೊಳಗೆ ಮುಗಿಯಿತು. ಅಮ್ಮ ಬಾಯಿ ಬಿಡಲಿಲ್ಲ. ಕಾಲ್ಬೆರಳು ಮಾತ್ರ ಗಟ್ಟಿಯಾಗಿ ಮಡಚಿಕೊಂಡು, ಹೆಬ್ಬೆರಳನ್ನು ಪಕ್ಕದ ಬೆರಳಿನ ಕಾಲುಂಗುರಕ್ಕೆ ಒತ್ತಿ ಹಿಡಿದಿದ್ದಳು. ಎದ್ದ ಮೇಲೆ "ಮರಕುಟಿಗ ಕುಟ್ಟಿದ ಹಾಗಾಯ್ತು" ಅಂದಳು.

ಆ ರಾತ್ರಿ ನೋವು ಜಾಸ್ತಿಯೇ ಆಯಿತು, ಚರ್ಮ ಕೆಂಪಗಿತ್ತು. ಎರಡು ದಿನಕ್ಕೆ ಇಳಿಯಿತು. ಮೂರನೇ ವಾರ ವಾಪಸ್ ಬರುವಾಗ ಬಸ್ಸಿನ ಮೆಟ್ಟಿಲನ್ನು ಒಂದೇ ಕೈಯಲ್ಲಿ ಕಂಬಿ ಹಿಡಿದು ಇಳಿದಳು. ಎಷ್ಟೋ ದಿನದ ಮೇಲೆ.

ಈಗ ದಿನಾ ಬೆಳಿಗ್ಗೆ ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು ಒತ್ತಿ ಹಿಡಿಯುತ್ತಾಳೆ, ಹತ್ತು ಎಣಿಸುತ್ತಾಳೆ. ಕುರ್ಚಿಯಿಂದ ಕೈ ಊರದೆ ಏಳುವ ಅಭ್ಯಾಸವೂ ನಡೆದಿದೆ. ತೂಕ 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಭಾರ ಸುಮಾರು 4 ಕೆಜಿ ಇಳಿಯುತ್ತದೆ ಅಂತ ಹೇಳಿದ ಮೇಲೆ ರಾತ್ರಿ ಅನ್ನ ಕಡಿಮೆ ಮಾಡಿದ್ದಾಳೆ. ನೋವು ಪೂರ್ತಿ ಹೋಗಿಲ್ಲ. ಮಳೆ ಹಿಡಿದರೆ ಇನ್ನೂ ಹಿಡಿಯುತ್ತದೆ.

ಈ ಸಲ ಕೊಯ್ಲಿಗೆ ಮೊದಲೇ ಆಚಾರಿಯನ್ನು ಕರೆಸಿ ಮೆಟ್ಟುಗತ್ತಿಯ ಮಣೆಯನ್ನು ಎತ್ತರ ಮಾಡಿಸಿದೆವು. ಅಮ್ಮ ಈಗ ಕುರ್ಚಿ ಮೇಲೆ ಕೂತು ಅಡಿಕೆ ಸುಲಿಯುತ್ತಾಳೆ, ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದ ತುದಿವರೆಗೆ ನಡೆದು ಬರುತ್ತಾಳೆ.